ಪೈರಿನ ಬೆಳವಣಿಗೆಯೂ ಅದರ ಮೇರೆಯೂ

ಪುತ್ತರಿಯ ಮುಹೂರ್ತವು ಕೊಡಗಿನ ಕಕ್ಕಬೆಯ ಪಾಡಿ ಇಗ್ಗುತ್ತಪ್ಪ ದೇವಾಲಯದಲ್ಲಿ ನಿಶ್ಚಿತವಾಗುವುದೆಂಬುದೂ, ಬಳಿಕ ನಾಡಿನವರು ಗದ್ದೆಗಿಳಿದು ಹೊಸ ಕದಿರನ್ನು ಕೊಯ್ದು ಮನೆದುಂಬಿಸಿಕೊಳ್ಳುವರೆಂಬುದೂ ಪ್ರಸಿದ್ಧವಾಗಿವೆ. ಆಗ ಮೊಳಗುವ ‘ಪೊಲಿ’ ಎಂಬ ಕೂಗಿಗೆ ಹೆಚ್ಚಲಿ ಎಂದರ್ಥ. ಧಾನ್ಯವು ಹೆಚ್ಚಬೇಕಾದುದೇ ಸರಿ. ಆದರೆ ದಂಟು ಮಿತಿಮೀರಿ ಹೆಚ್ಚಿದರೆ ಪೈರು ತೆನೆಯ ಭಾರಕ್ಕೆ ಗಾಳಿಮಳೆಗಳಲ್ಲಿ ಒರಗಿ, ಕಾಳು ಕೆಸರಿನ ಪಾಲಾಗುವುದು. ಬೆಳವಣಿಗೆಗೆ ಮೇರೆಯನ್ನಿಡುವುದು ಯಾವುದು?

ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಕನ್ನಡದಲ್ಲಿ ಚಾಳುಕ್ಯ ಜಯಸಿಂಹನ ಆಶ್ರಿತನಾದ ಇಮ್ಮಡಿ ಚಾವುಂಡರಾಯನು ಸು. 1025ರಲ್ಲಿ ರಚಿಸಿದ ಲೋಕೋಪಕಾರದಲ್ಲಿಯೂ ಆ ವಿಷಯವುಂಟು. ಈ ಶಾಸ್ತ್ರದಲ್ಲಿ ಬೀಜಸಂಸ್ಕಾರವಿದೆ, ಪೋಷಣೆಯಿದೆ, ಕಾವ್ಯಪ್ರಿಯರಿಗೆ ಪರಿಚಿತವಾದ ದೋಹದವೂ ಇದೆ. ಆದರೆ ಪ್ರಾಚೀನರು ಸಸ್ಯದ ಹಾರ್ಮೋನುಗಳನ್ನೂ ಅರಿತಿದ್ದರೆಂದು ಸಾಧಿಸಹೊರಡುವುದು ಆ ಗ್ರಂಥಗಳಿಗೆ ಸಲ್ಲಿಸುವ ಗೌರವವಲ್ಲ. ಅವರು ಹೊರಗಿನಿಂದ ಕೊಟ್ಟುದನ್ನೂ ಅದರ ಫಲವನ್ನೂ ಕಂಡು ಬರೆದರು. ಸಸ್ಯವು ತನ್ನೊಳಗೇ ತಯಾರಿಸಿ ತಾನೇ ಅಳಿಸಿಬಿಡುವ ದ್ರವ್ಯದ ಕಲ್ಪನೆಯು ಅಲ್ಲಿಲ್ಲ.

ಆ ದ್ರವ್ಯದ ಸುಳಿವು ದೊರೆತದ್ದು ಭತ್ತದ ಗದ್ದೆಯಲ್ಲಿಯೇ. ತೆಳ್ಳಗೆ ಉದ್ದುದ್ದ ಬೆಳೆದು, ಫಲಗೊಡದೆ ಸಾಯುವ ಪೈರನ್ನು ಜಪಾನಿನ ರೈತರು ‘ಬಕಾನೆ’, ಎಂದರೆ ಮರುಳು ಸಸಿ, ಎಂದು ಕರೆಯುತ್ತಿದ್ದರು. ಈ ಮರುಳಿಗೆ ಒಂದು ಶಿಲೀಂಧ್ರವು ಸ್ರವಿಸುವ ವಸ್ತುವೇ ಕಾರಣವೆಂದು ಕುರೊಸಾವನು 1926ರಲ್ಲಿ ತೋರಿಸಿದನು. 1935ರಲ್ಲಿ ಯಾಬುತನು ಅದಕ್ಕೆ ಜಿಬ್ಬೆರೆಲಿನ್ ಎಂದು ಹೆಸರಿಟ್ಟನು. ಅದು ನಿರೋಗಿಗಳಾದ ಸಸ್ಯಗಳಲ್ಲಿಯೂ ಸಹಜವಾಗಿಯೇ ಉಂಟೆಂಬುದು 1950ರ ದಶಕದಲ್ಲಿ ಸ್ಥಿರಪಟ್ಟಿತು. ರೋಗವೆಂದರೆ ಇಲ್ಲಿ ಪರವಸ್ತುವಲ್ಲ, ಸ್ವವಸ್ತುವಿನ ಅತಿರೇಕ.

ಈ ವರ್ಗದಲ್ಲಿ 130ಕ್ಕೂ ಮಿಕ್ಕ ದ್ರವ್ಯಗಳು ಗೊತ್ತಾಗಿದ್ದರೂ ಬೆಳವಣಿಗೆಯನ್ನು ನಡೆಸಬಲ್ಲವು ಕೆಲವೇ. ಉಳಿದವು ಬಹುಮಟ್ಟಿಗೆ ಪೂರ್ವರೂಪಗಳು, ಇಲ್ಲವೆ ಸತ್ತ್ವಗೆಟ್ಟವು. ಕೆಲವು ಕಿಣ್ವಗಳು ಪೂರ್ವರೂಪವನ್ನು ಹಂತಹಂತವಾಗಿ ಮಾರ್ಪಡಿಸಿ ಸಕ್ರಿಯವಾಗಿಸುವುವು. ಮತ್ತೊಂದು ಬಗೆಯ ಕಿಣ್ವವು ಅದನ್ನು ನಿಷ್ಕ್ರಿಯಗೊಳಿಸುವುದು. ಸಕ್ರಿಯದ್ರವ್ಯವು ಹೆಚ್ಚಿದೊಡನೆ ಕಟ್ಟುವ ಕಿಣ್ವಗಳ ಉತ್ಪತ್ತಿ ತಗ್ಗಿ, ಕೆಡಿಸುವ ಕಿಣ್ವದ ಉತ್ಪತ್ತಿ ಏರುವುದು. ಇನ್ನೂ ಸ್ವಾರಸ್ಯವಾದುದೆಂದರೆ, ಜಿಬ್ಬೆರೆಲಿನ್ ನೇರವಾಗಿ ಬೆಳೆಸುವುದಿಲ್ಲ. ಬೆಳವಣಿಗೆಯನ್ನು ತಡೆದು ನಿಂತಿರುವ ಒಂದು ಪ್ರೋಟೀನು ಜೀವಕೋಶದಲ್ಲಿದೆ. ಅದು ನಾಶವಾಗುವಂತೆ ಮಾಡುವುದಷ್ಟೇ ಇದರ ಕೆಲಸ. ನಿಷೇಧವನ್ನು ನಿಷೇಧಿಸಿ ವಿಧಿಯನ್ನು ಮರಳಿ ನಿಲ್ಲಿಸುವ ಈ ಕ್ರಮವನ್ನು ಶಾಸ್ತ್ರಜ್ಞರು ಪ್ರತಿಪ್ರಸವವೆಂದು ಒಡನೆಯೇ ಗುರುತಿಸುವರು.

ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನ ಸಂಸ್ಥೆಯಿಂದ 1966ರಲ್ಲಿ ಹೊರಬಿದ್ದ ಐಆರ್ 8 ಎಂಬ ಕುಳ್ಳು ಭತ್ತವು ಇಂಡೋನೇಷ್ಯದ ಎತ್ತರದ ತಳಿಗೂ ತೈವಾನಿನ ಗಿಡ್ಡ ತಳಿಗೂ ಹುಟ್ಟಿದ ಸಂಕರ. ಭಾರತದ ‘ಜಯಾ’ 1968ರಲ್ಲಿ ಬಂದಿತು. ಗೊಬ್ಬರವುಂಡರೂ ಒರಗದ ಈ ಗುಣದ ಮೂಲವು 2002ರವರೆಗೆ ಗೂಢವಾಗಿತ್ತು. ತೈವಾನಿನ ತಳಿಯಲ್ಲಿ ಜಿಬ್ಬೆರೆಲಿನ್ ಕಟ್ಟುವ ಒಂದು ಕಿಣ್ವದ ಜೀನ್ ಊನವಾಗಿರುವುದೆಂದು ಆ ವರ್ಷ ತಿಳಿಯಿತು. ಹೂವಿನಲ್ಲಿ ಅದೇ ಕೆಲಸವನ್ನು ಬೇರೊಂದು ಜೀನ್ ನಿರ್ವಹಿಸುವುದರಿಂದ ದಂಟು ಗಿಡ್ಡವಾದರೂ ಕಾಳಿಗೆ ಕೊರತೆಯಾಗಲಿಲ್ಲ. ಹುಲ್ಲಿಗೆ ಮಾತ್ರ ಆಯಿತು. ದನಕರುಗಳುಳ್ಳ ಮನೆಗೆ ಅದು ಸಣ್ಣ ನಷ್ಟವಲ್ಲ.