ಮಾಲ್ಟಾ ದ್ವೀಪದ ಶಿಲಾದೇಗುಲಗಳು

ಮಾಲ್ಟಾ ದ್ವೀಪವು ಭೂಪಟದಲ್ಲಿ ಒಂದು ಚುಕ್ಕೆಯಷ್ಟೆ. ಮೆಡಿಟರೇನಿಯನ್ ಸಮುದ್ರದಲ್ಲಿ, ಸಿಸಿಲಿಯ ದಕ್ಷಿಣಕ್ಕೆ ಅದನ್ನು ಹುಡುಕಿ ಕಾಣಬೇಕು. ಆದರೂ ಮಾನವನು ಪೂಜೆಗಾಗಿ ಕಲ್ಲಿನ ಮನೆಯನ್ನು ಕಟ್ಟಿದ ಕಥೆಯನ್ನರಿಯಲು ಹೊರಟವರು ಈ ಚುಕ್ಕೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಶ್ರೋತೃಗಳು ಕೆಲವು ನಿಮಿಷಗಳ ಕಾಲ ನಮ್ಮೊಡನೆ ಆ ದ್ವೀಪದ ದಕ್ಷಿಣ ತೀರಕ್ಕೆ ಬರಬೇಕೆಂದು ಕೋರುತ್ತೇವೆ.

ಅಲ್ಲಿ ಕಡಲನ್ನು ನೋಡುತ್ತಿರುವ ಎತ್ತರದ ನೆಲದಲ್ಲಿ ‘ಹಜರ್ ಈಮ್’ ಎಂಬ ದೇಗುಲವಿದೆ. ಆ ದೇಶದ ಭಾಷೆಯಲ್ಲಿ ಇದಕ್ಕೆ ನಿಂತ ಕಲ್ಲುಗಳೆಂದು ಅರ್ಥ. ಹೊರಗೋಡೆಯ ಒಂದು ಬಂಡೆಯ ತೂಕವೇ ಸುಮಾರು 20 ಟನ್ನುಗಳು. ಎರಡು ನಿಲುವುಗಲ್ಲುಗಳ ಮೇಲೆ ಅಡ್ಡಗಲ್ಲನ್ನಿರಿಸಿದ ಬಾಗಿಲನ್ನು ದಾಟಿದರೆ, ಎಡಬಲಗಳಲ್ಲಿ ಅರ್ಧಚಂದ್ರಾಕೃತಿಯ ಕೋಣೆಗಳೂ, ಶಿಲಾವೇದಿಕೆಗಳೂ, ಮೈತುಂಬ ಸಣ್ಣ ಕುಳಿಗಳನ್ನು ಕೊರೆದ ಕಲ್ಲುಗಳೂ ಕಾಣುತ್ತವೆ. ಇವನ್ನು ಕಟ್ಟಿದವರಿಗೆ ಲೋಹದ ಉಪಕರಣಗಳಿರಲಿಲ್ಲ, ಲಿಪಿಯೂ ಇರಲಿಲ್ಲ. ಆದ್ದರಿಂದ ಅವರ ದೇವರ ಹೆಸರಾಗಲಿ, ಅವರ ಹೆಸರಾಗಲಿ ನಮಗೆ ಉಳಿದಿಲ್ಲ. ಇಲ್ಲಿ ದೊರೆತ ಸ್ಥೂಲಕಾಯದ ವಿಗ್ರಹಗಳನ್ನು ಹಿಂದಿನವರು ಮಾತೃದೇವತೆಗಳೆಂದು ಕರೆದರು. ಆದರೆ ಅವುಗಳಲ್ಲಿ ಹಲವನ್ನು ಹೆಣ್ಣೆಂದು ನಿಶ್ಚಯಿಸಲು ಯಾವ ಚಿಹ್ನೆಯೂ ಇಲ್ಲ.

ಇಲ್ಲಿಂದ ಅರ್ಧ ಕಿಲೋಮೀಟರಿನಷ್ಟು ಇಳಿಜಾರಿನಲ್ಲಿ ನಡೆದರೆ ‘ಇಮ್ನಾಯ್ದ್ರ’ ಎಂಬ ದೇಗುಲಗಳ ಗುಂಪನ್ನು ಸೇರುತ್ತೇವೆ. ಹಗಲಿರುಳುಗಳು ಸಮನಾಗುವ ವಿಷುವದ್ದಿನಗಳಂದು, ಉದಯಿಸುವ ಸೂರ್ಯನ ಕಿರಣವು ಕೆಳಗಣ ದೇಗುಲದ ಬಾಗಿಲನ್ನು ಹೊಕ್ಕು, ಅದರ ನಡುರೇಖೆಯಲ್ಲಿಯೇ ಒಳಕ್ಕೆ ಹರಿಯುತ್ತದೆ. ಅಕ್ಷರವನ್ನರಿಯದ ಜನರು ಆಕಾಶವನ್ನು ಎಷ್ಟು ಎಚ್ಚರದಿಂದ ಓದಿದ್ದರೆಂಬುದನ್ನು ಇದರಿಂದ ಊಹಿಸಬಹುದು.

ಸಮೀಪದ ಗೋಜೋ ದ್ವೀಪದಲ್ಲಿರುವ ಇಂಥದೇ ದೇಗುಲವನ್ನು ರಾಕ್ಷಸಿಯೊಬ್ಬಳು ಕಟ್ಟಿದಳೆಂದು ಅಲ್ಲಿಯ ಜನರು ಹೇಳುತ್ತ ಬಂದಿದ್ದಾರೆ. ನಮ್ಮ ನಾಡಿನಲ್ಲಿ ಪ್ರಾಚೀನ ಶಿಲಾಸಮಾಧಿಗಳನ್ನು ಪಾಂಡವರ ಗುಡಿಗಳೆನ್ನುವಂತೆಯೇ ಇದು. ಪಂಡಿತರಾದರೂ ಈ ದೋಷದಿಂದ ಪೂರ್ಣವಾಗಿ ಪಾರಾದವರಲ್ಲ. ಇಂಥ ಶಿಲ್ಪವಿದ್ಯೆಯು ಪೂರ್ವದ ನಾಗರಿಕ ದೇಶಗಳಿಂದಲೇ ಬಂದಿರಬೇಕೆಂದು ಬಹುಕಾಲ ಅನೇಕರು ನಂಬಿದ್ದರು. ಇಂಗಾಲದ ಮಾಪನದಿಂದ ಕಾಲವನ್ನು ನಿರ್ಣಯಿಸುವ ಕ್ರಮವು ಪರಿಷ್ಕಾರಗೊಂಡ 1970ರ ದಶಕದಲ್ಲಿ ಆ ನಂಬಿಕೆ ಕುಸಿಯಿತು. ಈ ದ್ವೀಪಗಳ ದೇಗುಲನಿರ್ಮಾಣವು ಕ್ರಿಸ್ತಪೂರ್ವ 3600ರ ವೇಳೆಗೆ ಆರಂಭವಾಗಿತ್ತು; ಈಜಿಪ್ಟಿನ ಮಹಾ ಪಿರಮಿಡ್ಡು ಅದಕ್ಕಿಂತ ಸುಮಾರು ಸಾವಿರ ವರ್ಷ ಕಿರಿಯದು. ರಾಕ್ಷಸರೂ ಅಲ್ಲ, ಪರದೇಶದ ಗುರುಗಳೂ ಅಲ್ಲ. ಆ ದ್ವೀಪದ ರೈತರೇ ಇವನ್ನು ಕಟ್ಟಿದರು.

ಇಷ್ಟನ್ನು ತಿಳಿದುಕೊಂಡುದಕ್ಕೆ ನಾವು ಬೆಲೆಯನ್ನೂ ತೆತ್ತಿದ್ದೇವೆ. ಬಹುಭಾಗ ಮಣ್ಣಿನಲ್ಲಿ ಹೂತಿದ್ದ ಹಜರ್ ಈಮನ್ನು 1839ರಲ್ಲಿ ಅಗೆದು ಹೊರತೆಗೆದರು. ಅದರ ಕಲ್ಲು ಮೃದುವಾದ ಸುಣ್ಣಶಿಲೆ. ಸಾವಿರಾರು ವರ್ಷ ಮಣ್ಣು ಕಾಪಾಡಿದ ಭಾಗಗಳೂ ಅಂದಿನಿಂದ ಕಡಲ ಉಪ್ಪುಗಾಳಿಗೂ ಬಿಸಿಲುಮಳೆಗಳಿಗೂ ಮೈಯೊಡ್ಡಿ ಸವೆಯತೊಡಗಿದವು. ಇಮ್ನಾಯ್ದ್ರದ ಹೊರಗೋಡೆಯ ಕಲ್ಲು ಇದಕ್ಕಿಂತ ಗಟ್ಟಿ. ಆದರೆ ಅದಕ್ಕೆ ಮನುಷ್ಯನೇ ಶತ್ರುವಾದನು. 2001ರ ಏಪ್ರಿಲ್ ತಿಂಗಳ ಒಂದು ರಾತ್ರಿಯಲ್ಲಿ ದುಷ್ಕರ್ಮಿಗಳು ಅಲ್ಲಿಯ ಸುಮಾರು 60 ಕಲ್ಲುಗಳನ್ನು ಉರುಳಿಸಿ ಕೆಡಿಸಿದರು. ಬಿದ್ದವನ್ನು ಮತ್ತೆ ನಿಲ್ಲಿಸಿದ್ದಾಯಿತು. 2009ರಲ್ಲಿ ಎರಡೂ ಸ್ಥಳಗಳ ಮೇಲೆ ದೊಡ್ಡ ಚಪ್ಪರಗಳನ್ನು ಹಾಕಿದ್ದಾಯಿತು. ಚಪ್ಪರದಿಂದ ನೋಟದ ಗಾಂಭೀರ್ಯ ಕುಂದಿತೆಂದು ಕೊರಗುವವರುಂಟು. ಆದರೆ ಮಣ್ಣಿನ ಹೊದಿಕೆಯನ್ನು ತೆಗೆದವರು ನಾವೇ ಆದುದರಿಂದ, ಬೇರೊಂದು ಹೊದಿಕೆಯನ್ನು ಕೊಡುವುದು ನಮ್ಮ ಋಣವೆಂದು ನಮಗೆ ತೋರುತ್ತದೆ.

ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನ ಬೆಟ್ಟದ ಮೇಲೆಯೂ ಹೆಸರಿಲ್ಲದ ಜನರು ನಿಲ್ಲಿಸಿದ ನೂರಾರು ಶಿಲಾಗೃಹಗಳಿವೆ. ಅವು ದೇಗುಲಗಳಲ್ಲ, ಸತ್ತವರಿಗಾಗಿ ಕಟ್ಟಿದವು, ಕಾಲವೂ ಈಚಿನದು. ಆದರೆ ಋಣವು ಅದೇ. ಅಲ್ಲಿಗೆ ಹೋಗುವ ಶ್ರೋತೃಗಳು ಒಂದು ಕಲ್ಲನ್ನೂ ಕದಲಿಸದೆ ನೋಡಿ ಬಂದರೆ, ಆ ಋಣದಲ್ಲಿ ತಮ್ಮ ಪಾಲನ್ನು ಸಲ್ಲಿಸಿದಂತಾಗುವುದು.