ನೀಲಿ ಗುಂಡಿ, ಕೆಂಪು ದೀಪ, ಒಂದು ಬೀಪ್

ಮತ ಎಣಿಕೆಯ ದಿನ ನಮ್ಮ ಸ್ಟುಡಿಯೋದಲ್ಲಿ ಒಂದು ಮಾತು ಗ್ಯಾರಂಟಿ. ಮಧ್ಯಾಹ್ನದ ಹೊತ್ತಿಗೆ ಹಿನ್ನಡೆಯಲ್ಲಿರುವ ಪಕ್ಷದವರೊಬ್ಬರು ‘ಇವಿಎಂ’ ಅಂತ ಶುರು ಮಾಡ್ತಾರೆ. ಯಾವ ಪಕ್ಷ ಅಂತ ಕೇಳಬೇಡಿ. ಸೋತಾಗ ಆ ಮಾತು ಆಡಿದವರು ಎಲ್ಲ ಕಡೆಯೂ ಇದ್ದಾರೆ, ಗೆದ್ದಾಗ ಮರೆತವರೂ ಇದ್ದಾರೆ. ಆ ಜಗಳ ಇವತ್ತು ಬೇಡ. ಆ ಯಂತ್ರವನ್ನು ಬರೀ ಒಂದು ಯಂತ್ರವಾಗಿ ನೋಡೋಣ. ಓದು ಬಾರದ ಅಜ್ಜಿಯೊಬ್ಬಳು, ಪಕ್ಕದಲ್ಲಿ ಯಾರೂ ಇಲ್ಲದೆ, ಕೆಲವೇ ಸೆಕೆಂಡಿನಲ್ಲಿ, ತಪ್ಪಿಲ್ಲದೆ ಬಳಸಬೇಕಾದ ಎಲೆಕ್ಟ್ರಾನಿಕ್ ಸಾಧನ ಅದು. ಅಂಥದ್ದನ್ನು ಹೇಗೆ ಮಾಡ್ತೀರಿ?

ಈ ಪ್ರಶ್ನೆ ಯಂತ್ರಕ್ಕಿಂತ ಹಳೆಯದು. 1951ರ ಜನಗಣತಿಯ ಪ್ರಕಾರ ದೇಶದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಹದಿನೆಂಟು ಮಂದಿ. 1951-52ರ ಮೊದಲ ಮಹಾಚುನಾವಣೆಯಲ್ಲಿ ಮತದಾರ ಚೀಟಿಯ ಮೇಲೆ ಯಾವ ಗುರುತನ್ನೂ ಹಾಕಬೇಕಿರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿದರೆ ಮುಗೀತು. ಇವತ್ತಿಗೂ ನಾವು ‘ಓಟು ಹಾಕಿ ಬಂದೆ’ ಅಂತೀವೇ ಹೊರತು ‘ಓಟು ಒತ್ತಿ ಬಂದೆ’ ಅನ್ನಲ್ಲ, ನೋಡಿ.

1962ರ ಮಹಾಚುನಾವಣೆಯ ಹೊತ್ತಿಗೆ ಎಲ್ಲ ಹೆಸರೂ ಒಂದೇ ಮತಪತ್ರದಲ್ಲಿ ಬಂದವು, ಕೈಗೆ ರಬ್ಬರ್ ಮುದ್ರೆ ಬಂತು. ಜೊತೆಗೆ ಹೊಸ ತೊಂದರೆಯೂ ಬಂತು. ಹಸಿ ಶಾಯಿಯ ಕಾಗದವನ್ನು ಮಡಿಸಿದರೆ ಇನ್ನೊಬ್ಬರ ಚಿಹ್ನೆಯ ಮೇಲೂ ಕಲೆ. ಅದಕ್ಕೇ ಆ ಮುದ್ರೆಯ ಬಾಣಗಳು ಒಂದೇ ದಿಕ್ಕಿಗೆ ತಿರುಗಿರುತ್ತವೆ. ಮಡಿಕೆಯಿಂದ ಬಿದ್ದ ಕಲೆಯಲ್ಲಿ ಅವು ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಆಗುತ್ತವೆ, ಎಣಿಸುವವನಿಗೆ ಅಸಲಿ ಯಾವುದು ಅಂತ ಗೊತ್ತಾಗುತ್ತೆ. ಆದರೂ ಎರಡು ಹೆಸರಿನ ನಡುವೆ ಒತ್ತಿದ್ದು, ಎರಡು ಕಡೆ ಒತ್ತಿದ್ದು ಕುಲಗೆಟ್ಟ ಮತವಾಗಿ ಬುಟ್ಟಿ ಸೇರುತ್ತಲೇ ಇದ್ದವು.

1977ರಲ್ಲಿ ಚುನಾವಣಾ ಆಯೋಗದಲ್ಲಿ ಯಂತ್ರದ ಮಾತು ಹುಟ್ಟಿತು. ಹೈದರಾಬಾದಿನ ಇಸಿಐಎಲ್ ಮೊದಲ ಮಾದರಿ ಮಾಡಿತು, ನಮ್ಮ ಬೆಂಗಳೂರಿನ ಬಿಇಎಲ್ ಕೈಜೋಡಿಸಿತು. ಆಮೇಲೆ ಅದರ ಹೊರ ವಿನ್ಯಾಸಕ್ಕೆ ಐಐಟಿ ಬಾಂಬೆಯ ಇಂಡಸ್ಟ್ರಿಯಲ್ ಡಿಸೈನ್ ಸೆಂಟರ್‌ನ ಅಧ್ಯಾಪಕರು ದುಡಿದರು. ಇಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ಗುಂಡಿ ಒತ್ತಿದ್ದನ್ನು ಎಣಿಸೋ ಸರ್ಕ್ಯೂಟ್ ದೊಡ್ಡ ವಿದ್ಯೆ ಏನಲ್ಲ. ಕಷ್ಟ ಇರೋದು ಗುಂಡಿಯ ಈಚೆ ಕಡೆ, ಬೆರಳಿನ ಕಡೆ.

ಅಲ್ಲಿ ಅವರು ಮಾಡಿದ್ದು ನೋಡಿ. ಒಂದು ಬ್ಯಾಲೆಟ್ ಯೂನಿಟ್‌ನಲ್ಲಿ ಹದಿನಾರು ಸಾಲು. ಹೆಸರು, ಚಿಹ್ನೆ, ಅದೇ ಸಾಲಿನಲ್ಲಿ ನೀಲಿ ಗುಂಡಿ. ಅಭ್ಯರ್ಥಿ ಇಲ್ಲದ ಸಾಲಿನ ಗುಂಡಿ ಮುಚ್ಚಿರುತ್ತದೆ. ಕಣ್ಣು ಕಾಣದವರಿಗೆ ಬ್ರೈಲ್ ಅಂಕಿ ಇದೆ. ಅಧಿಕಾರಿ ತನ್ನ ಕಂಟ್ರೋಲ್ ಯೂನಿಟ್‌ನಲ್ಲಿ ‘ಬ್ಯಾಲೆಟ್’ ಗುಂಡಿ ಒತ್ತಿದರೆ ಮಾತ್ರ ಮತದಾರನ ಮುಂದೆ ಹಸಿರು ದೀಪ ಹತ್ತುತ್ತದೆ. ನೀಲಿ ಗುಂಡಿ ಒತ್ತಿದರೆ ಪಕ್ಕದಲ್ಲೇ ಕೆಂಪು ದೀಪ, ಕೊನೆಗೆ ಉದ್ದನೆಯ ಬೀಪ್. ಆಮೇಲೆ ಹತ್ತು ಸಲ ಗುದ್ದಿದರೂ ಒಂದೇ ಮತ. ಮತಗಟ್ಟೆಗೆ ನುಗ್ಗಿ ಕಟ್ಟುಗಟ್ಟಲೆ ಮತಪತ್ರಕ್ಕೆ ಮುದ್ರೆ ಒತ್ತುತ್ತಿದ್ದ ಗೂಂಡಾಗಳ ಕೈಗೆ ವೇಗ ಇಲ್ಲದಂತೆ ಮಾಡಿದ್ದೂ ಈ ಏರ್ಪಾಡೇ. ಫಲಿತಾಂಶದ ಗುಂಡಿಯಂತೂ ಮುಚ್ಚಳದ ಒಳಗೆ, ಸೀಲ್ ಹಾಕಿ ಭದ್ರ.

1982ರ ಮೇ ತಿಂಗಳಲ್ಲಿ ಕೇರಳದ ಪರೂರಿನ 50 ಮತಗಟ್ಟೆಗಳಲ್ಲಿ ಮೊದಲ ಪ್ರಯೋಗ ನಡೆಯಿತು. ಸಿಪಿಐನ ಶಿವನ್ ಪಿಳ್ಳೈ 123 ಮತಗಳಿಂದ ಗೆದ್ದರು. ಸೋತ ಕಾಂಗ್ರೆಸ್ಸಿನ ಎ. ಸಿ. ಜೋಸ್ ಸುಪ್ರೀಂ ಕೋರ್ಟಿನವರೆಗೆ ಹೋದರು. ಕಾನೂನಿನಲ್ಲಿ ಯಂತ್ರಕ್ಕೆ ಜಾಗವೇ ಇಲ್ಲ ಅಂತ 1984ರಲ್ಲಿ ತೀರ್ಪು ಬಂತು, ಆ ಮತಗಟ್ಟೆಗಳಲ್ಲಿ ಮತಪತ್ರದಿಂದ ಮರುಮತದಾನವಾಯಿತು, ಜೋಸ್ ಗೆದ್ದರು! 1989ರಲ್ಲಿ ಕಾನೂನು ತಿದ್ದುಪಡಿ ಜಾರಿಗೆ ಬಂತು. 1998ರಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ದೆಹಲಿಯ 16 ಕ್ಷೇತ್ರಗಳಲ್ಲಿ ಮತ್ತೆ ಯಂತ್ರ ಬಂತು, 2004ರಲ್ಲಿ ಲೋಕಸಭೆಯ ಎಲ್ಲ 543 ಕ್ಷೇತ್ರಗಳಿಗೂ ಹಬ್ಬಿತು. ಕುಲಗೆಟ್ಟ ಮತ ಅನ್ನೋದು ಯಂತ್ರದಲ್ಲಿ ಇಲ್ಲವೇ ಇಲ್ಲ.

ಹಾಗಾದರೆ ಅನುಮಾನ ಯಾಕೆ ಹೋಗಲಿಲ್ಲ? ನನಗೆ ಕಾಣೋದು ಇಷ್ಟು. ಬೀಪ್ ಹೇಳೋದು ‘ನೀನು ಒತ್ತಿದ್ದು ಗೊತ್ತಾಯಿತು’ ಅಂತ. ಒಳಗೆ ಬರೆದುಕೊಂಡಿದ್ದೇನು ಅಂತ ಅದು ಹೇಳಲ್ಲ. ಹಳೇ ಪದ್ಧತಿಯಲ್ಲಿ ಮತದಾರ ತನ್ನ ಗುರುತನ್ನು ಕಣ್ಣಾರೆ ನೋಡಿ, ತನ್ನ ಕೈಯಿಂದಲೇ ಪೆಟ್ಟಿಗೆಗೆ ಬಿಡುತ್ತಿದ್ದ. ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 2009ರಲ್ಲಿ ತನ್ನ ದೇಶದಲ್ಲಿ ಬಳಸಿದ್ದ ಮತಯಂತ್ರಗಳ ಬಗ್ಗೆ ಇದನ್ನೇ ಕೇಳಿತು. ವಿಶೇಷ ತಾಂತ್ರಿಕ ಜ್ಞಾನ ಇಲ್ಲದ ಸಾಮಾನ್ಯ ನಾಗರಿಕನೂ ಚುನಾವಣೆಯ ಮುಖ್ಯ ಹಂತಗಳನ್ನು ಪರಿಶೀಲಿಸುವಂತಿರಬೇಕು ಅಂತ ಹೇಳಿ, ಆ ಬಳಕೆಯನ್ನು ಅಸಾಂವಿಧಾನಿಕ ಅಂದಿತು.

ನಮ್ಮ ಉತ್ತರ ವಿವಿಪ್ಯಾಟ್. 2013ರಲ್ಲಿ ನಾಗಾಲ್ಯಾಂಡಿನ ನೋಕ್ಸೆನ್‌ನಲ್ಲಿ ಮೊದಲು ಬಂದಿದ್ದು, 2019ರ ಲೋಕಸಭೆ ಚುನಾವಣೆಯಲ್ಲಿ ಎಲ್ಲ ಕಡೆ ಬಂತು. ಒಂದು ಪುಟ್ಟ ಗಾಜಿನ ಕಿಟಕಿ. ಅದರಲ್ಲಿ ನೀವು ಆರಿಸಿದವರ ಕ್ರಮಸಂಖ್ಯೆ, ಹೆಸರು, ಚಿಹ್ನೆ ಇರುವ ಚೀಟಿ 7 ಸೆಕೆಂಡ್ ಕಾಣುತ್ತದೆ, ಆಮೇಲೆ ಕತ್ತರಿಸಿ ಕೆಳಗೆ ಬೀಳುತ್ತದೆ. ಒಂದು ವಿಧಾನಸಭಾ ವ್ಯಾಪ್ತಿಗೆ ಐದು ಮತಗಟ್ಟೆಯ ಚೀಟಿಗಳನ್ನು ಎಣಿಸಿ ತಾಳೆ ನೋಡುತ್ತಾರೆ. ಅಷ್ಟು ಸಾಲದು, ಎಲ್ಲವನ್ನೂ ಎಣಿಸಿ ಅನ್ನೋ ಬೇಡಿಕೆಯನ್ನು ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಒಪ್ಪಲಿಲ್ಲ.

ಐದು ಸಾಕೋ, ಐವತ್ತು ಬೇಕೋ, ಆ ವಾದ ನಡೆಯಲಿ. ಆದರೆ ಆ ಕಿಟಕಿ ಇರೋದು ಪಕ್ಷಗಳಿಗಲ್ಲ, ನಿಮಗೆ. ಬೇರೆ ಹೆಸರು ಬಂದರೆ ಅಲ್ಲೇ ಮತಗಟ್ಟೆ ಅಧಿಕಾರಿಗೆ ಬರೆದುಕೊಡಬಹುದು, ನಿಮ್ಮ ಕೈಯಲ್ಲೇ ಪರೀಕ್ಷಾರ್ಥ ಮತ ಹಾಕಿಸಿ ನೋಡುತ್ತಾರೆ. ಸುಳ್ಳು ಹೇಳಿದ್ದರೆ ಶಿಕ್ಷೆಯೂ ಉಂಟು. ಮುಂದಿನ ಸಲ ಗುಂಡಿ ಒತ್ತಿ, ಬೀಪ್‌ಗೆ ಕಾಯುತ್ತಾ ಗೋಡೆ ನೋಡಬೇಡಿ. ಕಿಟಕಿ ನೋಡಿ. ಮನೆಯಲ್ಲಿರುವ ಅಜ್ಜಿಗೂ ಹೇಳಿ ಕಳಿಸಿ.