ಕಿಕ್ಕುಲಿಯ ಕುದುರೆಗಳು

ಕಿಕ್ಕುಲಿಯ ಹೆಸರನ್ನು ನಿಮ್ಮಲ್ಲಿ ಕೆಲವರಾದರೂ ಫಾರ್ವರ್ಡ್ ಮೇಲುಗಳಲ್ಲಿ ನೋಡಿರುತ್ತೀರಿ. ಮಿತನ್ನಿ ದೇಶದ ಈ ಅಶ್ವಶಿಕ್ಷಕ ಮೂರು ಸಾವಿರ ವರ್ಷಕ್ಕೂ ಹಿಂದೆ ಹಿಟ್ಟೈಟರ ರಥದ ಕುದುರೆಗಳನ್ನು ಪಳಗಿಸುವ ಕ್ರಮ ಹೇಳಿಕೊಟ್ಟ. ಇಂದಿನ ಟರ್ಕಿಯಲ್ಲಿರುವ ಹತ್ತುಷಾದಲ್ಲಿ ಸಿಕ್ಕ ಜೇಡಿಮಣ್ಣಿನ ಫಲಕಗಳಲ್ಲಿ ಅದು ಉಳಿದಿದೆ. ಓಟದ ಸುತ್ತುಗಳನ್ನು ಎಣಿಸುವಾಗ ಐಕ, ತೆರ, ಪಂಜ, ಸತ್ತ, ನವ ಅನ್ನುತ್ತಾನೆ. ನಮ್ಮ ಏಕ, ತ್ರಿ, ಪಂಚ, ಸಪ್ತ, ನವದ ನೆಂಟರೇ! ಮೇಲು ಅಲ್ಲಿಗೆ ಮುಗಿಯುತ್ತದೆ, ಹೆಮ್ಮೆ ಪಡಿ ಅಂತ. ಕುದುರೆಯನ್ನು ಯಾರೂ ಕೇಳುವುದಿಲ್ಲ.

ನನಗೆ ಹಿಡಿಸಿದ್ದು ಉಳಿದ ಭಾಗ. ಇವತ್ತು ಎಷ್ಟು ದೂರ ಓಡಿಸಬೇಕು, ಯಾವಾಗ ನೊಗ ಬಿಚ್ಚಬೇಕು, ಮೈ ತೊಳೆಯಬೇಕು, ನೀರು ಕುಡಿಸಬೇಕು, ಎಷ್ಟು ಹಿಡಿ ಬಾರ್ಲಿ, ಎಷ್ಟು ಹುಲ್ಲು. ಹೀಗೆ ದಿನದಿನದ ಲೆಕ್ಕ, ತಿಂಗಳುಗಟ್ಟಲೆ. (ನಮ್ಮ ಆಫೀಸಿನಲ್ಲಿ ಇಷ್ಟು ಚೊಕ್ಕವಾದ ಡಾಕ್ಯುಮೆಂಟ್ ನಾನಂತೂ ಕಂಡಿಲ್ಲ.) ಯುದ್ಧದ ನಡುವೆ ಕುದುರೆ ಸೋತರೆ ರಥದಲ್ಲಿದ್ದವರ ಕಥೆ ಮುಗಿದಂತೆ, ಅದಕ್ಕೇ ಈ ತಾಳ್ಮೆ. 1991ರಲ್ಲಿ ಆಸ್ಟ್ರೇಲಿಯಾದ ಆನ್ ನೈಲಂಡ್ ಇದೇ ಕ್ರಮವನ್ನು ಅರಬ್ಬಿ ಕುದುರೆಗಳ ಮೇಲೆ ಪ್ರಯೋಗಿಸಿಯೂ ನೋಡಿದರು.

ಜಟಕಾ ಮಾರಿ ಹದಿನೈದು ವರ್ಷವಾದ ಮೇಲೆ ನಮ್ಮ ಸೋದರಮಾವ ಈಗ ಮತ್ತೆ ಕುದುರೆ ಕಟ್ಟಿದ್ದಾರೆ. ಅದೂ ಬಹಳ ದಿನ ಸುಮ್ಮನೆ ನಿಂತಿದ್ದ ಕುದುರೆ. ಹುರುಳಿಯನ್ನು ಒಮ್ಮೆಗೇ ಹೆಚ್ಚಿಸುವಂತಿಲ್ಲ. ಅವರಿಗೆ ಕಿಕ್ಕುಲಿಯನ್ನು ಓದಿ ಹೇಳಿದೆ. ಸಂಸ್ಕೃತದ ವಿಷಯಕ್ಕೆ ಹೂಂ ಅಂದರು, ಅಷ್ಟೆ. ಬಾರ್ಲಿ ಬಂದಾಗ ಮಾತ್ರ ತಡೆದರು:

"ಹಿಡಿ ಅಂದ್ರೆ ಮುಷ್ಟಿನೋ, ಬೊಗಸೆನೋ? ಸರಿಯಾಗಿ ನೋಡಿ ಹೇಳೋ. ಅದ್ರಲ್ಲಿ ಹೆಚ್ಚುಕಮ್ಮಿ ಆದ್ರೆ ಹೊಟ್ಟೆನೋವು ಬಂದು ಕುದುರೇನೇ ಹೋಗುತ್ತೆ."